ಕಾಲ್‌ಫಾರ್ ಆದರೆ ಸಪ್ತಾಪುರ ತುಂಬುತ್ತದೆ: ಧಾರವಾಡದ ದುಡ್ಡು ಎಲ್ಲಿಂದ ಬರುತ್ತದೆ

2023ರ ಮಾರ್ಚ್ 12ರಂದು ಒಂದೇ ಸಮಾರಂಭದಲ್ಲಿ ಅವಳಿ ನಗರಕ್ಕೆ ಎರಡು ದೊಡ್ಡ ಆಸ್ತಿ ಸಮರ್ಪಣೆಯಾದವು. ಹುಬ್ಬಳ್ಳಿಗೆ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, ಧಾರವಾಡಕ್ಕೆ ಐಐಟಿಯ ಕಾಯಂ ಕ್ಯಾಂಪಸ್. ಎರಡೂ ಊರುಗಳ ಗುಣ ತಿಳಿಯೋದಕ್ಕೆ ಇಷ್ಟು ಸಾಕು. ನಡುವಿನ ಅಂತರ ಇಪ್ಪತ್ತು ಕಿಲೋಮೀಟರ್, 1962ರಲ್ಲಿ ಎರಡಕ್ಕೂ ಸೇರಿ ಒಂದೇ ಪಾಲಿಕೆ ಆಯಿತು, 2011ರ ಜನಗಣತಿಯಲ್ಲಿ ಎರಡೂ ಸೇರಿ 9.43 ಲಕ್ಷ ಜನ. ಆದರೂ ಹುಬ್ಬಳ್ಳಿ ನಡೆಯೋದು ಸರಕಿನ ಮೇಲೆ, ಧಾರವಾಡ ನಡೆಯೋದು ಸಂಬಳ, ಪೆನ್ಶನ್ ಮತ್ತು ಊರಿಂದ ಮಕ್ಕಳಿಗೆ ಬರುವ ದುಡ್ಡಿನ ಮೇಲೆ. ‘ಕಾಲ್‌ಫಾರ್’ ಆದರೆ, ಅಂದರೆ ಸರ್ಕಾರಿ ನೌಕರಿಗೆ ಅರ್ಜಿ ಕರೆದರೆ, ಪರೀಕ್ಷೆಗೆ ಓದಲು ಸಪ್ತಾಪುರದಂಥ ಬಡಾವಣೆಗಳಲ್ಲಿ ತುಂಬುವ ಹುಡುಗ ಹುಡುಗಿಯರಿಗೆ ಮನೆಯಿಂದ ಬರುವ ಆ ಕೊನೆಯ ದುಡ್ಡಿನ ಬಗ್ಗೆಯೇ ಈ ಬರಹ. ಯಾಕೆಂದರೆ ಧಾರವಾಡದ ಮನೆ ಬಾಡಿಗೆ, ಊಟ, ನೀರು, ಬೀದಿಯ ಬೆಳಗು ಎಲ್ಲವನ್ನೂ ಈಗ ನಿರ್ಧರಿಸುತ್ತಿರೋದು ಅದೇ.

ಹಳೆಯ ಸಂಗತಿ ಬೇಗ ಹೇಳಿಬಿಡುತ್ತೇನೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಐವತ್ತರ ದಶಕದಲ್ಲಿ ಡಿ.ಸಿ. ಪಾವಟೆಯವರು ಕುಲಪತಿಯಾಗಿದ್ದಾಗ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಬೆಳೆದು ನಿಂತ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟ್ ಪೀಠ, 2016ರಲ್ಲಿ ಐಐಟಿ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳಿವೆ, ಅಲ್ಲಿ ದುಡಿಯುವವರ ಸಂಖ್ಯೆಯೂ ಸಣ್ಣದಲ್ಲ. ಆದರೆ ಊರೊಳಗಿನ ಅಂಗಡಿಕಾರರನ್ನು ಕೇಳಿ ನೋಡಿ, ತಿಂಗಳ ಮೊದಲ ವಾರದ ವ್ಯಾಪಾರ ಅಂದರೆ ಮಾಸ್ತರರು, ಗುಮಾಸ್ತರು, ನಿವೃತ್ತರು. ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳ ಶಾಂತಿ, ಸಂಜೆಯ ಸಂಗೀತ ಕಾರ್ಯಕ್ರಮ, ಪುಸ್ತಕ ಬಿಡುಗಡೆಗೆ ತುಂಬುವ ಸಭಾಂಗಣ ಎಲ್ಲವೂ ಈ ಪದರಿನದು. ಧಾರವಾಡ ಅಂದಾಕ್ಷಣ ಹೊರಗಿನವರು ನೆನಸೋದೂ ಇದನ್ನೇ.

ಇನ್ನೊಂದು ಪದರು ಸಪ್ತಾಪುರ, ಜಯನಗರ, ಕಲ್ಯಾಣನಗರ, ಶ್ರೀನಗರ ಸರ್ಕಲ್ ಸುತ್ತಮುತ್ತ ಇದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಗದಗ, ಹಾವೇರಿ, ಕಲಬುರಗಿ ಕಡೆಯಿಂದ ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರು. ಪಿಎಸ್‌ಐ, ಕಾನ್‌ಸ್ಟೆಬಲ್, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಟಿಇಟಿ, ಕೆಎಎಸ್, ಹೀಗೆ ಯಾವುದಾದರೊಂದು ಪರೀಕ್ಷೆಗೆ ಓದುತ್ತಿರುವವರು. ಇವರು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇಲ್ಲ. ಬೆಂಗಳೂರಿನ ವಿಜಯನಗರದಲ್ಲೂ ಇಂಥ ಜಗತ್ತು ಇದೆ, ಆದರೆ ಅಲ್ಲಿಯ ಬಾಡಿಗೆ ಬೇರೆ, ಊಟವೂ ಬೇರೆ. ಧಾರವಾಡ ಇವರಿಗೆ ಒಗ್ಗಲು ಕಾರಣಗಳಿವೆ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರು ಮುಟ್ಟಬಹುದು. ರೊಟ್ಟಿ ಸಿಗುತ್ತದೆ. ಬಯಲುಸೀಮೆಯ ಬಿಸಿಲಿಗೆ ಹೋಲಿಸಿದರೆ ಏಪ್ರಿಲ್ ತಿಂಗಳಲ್ಲೂ ಕೂತು ಓದುವಷ್ಟು ತಂಪು. ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲಿ ಪಾಠ, ನೋಟ್ಸು, ಮಾದರಿ ಪ್ರಶ್ನೆಪತ್ರಿಕೆ ಎಲ್ಲ ಕನ್ನಡದಲ್ಲೇ. ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಲಿಸಬಲ್ಲವರು ಇಷ್ಟು ಮಂದಿ ಒಂದೇ ಊರಲ್ಲಿ ಸಿಗೋದು ಅಪರೂಪ. ಇದು ನೂರು ವರ್ಷದ ಕಾಲೇಜು ಪರಂಪರೆಯ ಫಲ ಅಂತಲೇ ನಾನು ನಂಬಿದ್ದೇನೆ.

ಕಾಲೇಜು ವಿದ್ಯಾರ್ಥಿಗೂ ಇವರಿಗೂ ಇರುವ ವ್ಯತ್ಯಾಸ ಅರ್ಥವಾಗದೆ ಧಾರವಾಡದಲ್ಲಿ ಯಾರೂ ಖೋಲಿ ಕಟ್ಟಬಾರದು, ಖಾನಾವಳಿ ತೆರೆಯಬಾರದು. ಬಿಎಸ್ಸಿ ಹುಡುಗ ಮೂರು ವರ್ಷಕ್ಕೆ ಹೋಗುತ್ತಾನೆ. ಅವನ ರಜೆ ಗೊತ್ತು, ಪರೀಕ್ಷೆ ಗೊತ್ತು. ನೌಕರಿಗೆ ಓದುವವನಿಗೆ ಅವಧಿಯೇ ಇಲ್ಲ. ಅವನ ಪಂಚಾಂಗ ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿ, ಕೆಇಎ, ಪೊಲೀಸ್ ಇಲಾಖೆಯ ಕೈಯಲ್ಲಿದೆ. 545 ಪಿಎಸ್‌ಐ ಹುದ್ದೆಗಳ ಕಥೆಯನ್ನೇ ತೆಗೆದುಕೊಳ್ಳಿ. ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು, ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಈ ಒಂದೊಂದು ತಿಂಗಳಿಗೂ ಹುಡುಗ ಬಾಡಿಗೆ ಕಟ್ಟಿದ್ದಾನೆ, ಊಟದ ದುಡ್ಡು ಕೊಟ್ಟಿದ್ದಾನೆ, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿದ್ದಾನೆ. ವಯೋಮಿತಿಯೂ ಬೆನ್ನಿಗಿದೆ: ಬಹುತೇಕ ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40 ಎಂಬುದು ರೂಢಿಯ ಲೆಕ್ಕ, ಪೊಲೀಸ್ ಹುದ್ದೆಗಳಿಗೆ ಅದಕ್ಕಿಂತ ಬಹಳ ಕಡಿಮೆ. ನೇಮಕಾತಿ ಶುರುಮಾಡಿ ಎಂದು 2025ರಲ್ಲಿ ಇವರು ಧಾರವಾಡದ ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ.

‘ಕಾಲ್‌ಫಾರ್ ಆಗೇತಂತ’ ಎಂಬ ಮಾತು ಹಬ್ಬಿದ ವಾರದಲ್ಲಿ ಸಪ್ತಾಪುರದಲ್ಲಿ ಮಲಗಲು ಒಂದು ಕಾಟ್ ಸಿಗೋದು ಕಷ್ಟ. ಮುಂದೂಡಿಕೆಯ ಸುದ್ದಿ ಬಂದರೆ ಹದಿನೈದೇ ದಿನದಲ್ಲಿ ಗೇಟಿನ ಮೇಲೆ ‘ಖೋಲಿ ಬಾಡಿಗೆಗೆ ಇವೆ’ ಎಂಬ ಬೋರ್ಡು. ಇಲ್ಲಿ ವ್ಯಾಪಾರ ಮಾಡುವವರು ತುಂಬಿದ ತಿಂಗಳ ಲೆಕ್ಕ ಹಿಡಿದು ಸಾಲ ತೆಗೆಯೋದೇ ಮುಳುಗಲು ಮೊದಲ ಕಾರಣ.

ರೀಡಿಂಗ್ ರೂಮಿನ ಲೆಕ್ಕ ಹಾಕಿ ತೋರಿಸುತ್ತೇನೆ. ಧಾರವಾಡದಲ್ಲಿ ಇದಕ್ಕೆ ಲೈಬ್ರರಿ ಅಂತಲೇ ಹೆಸರು, ಪುಸ್ತಕ ಮಾತ್ರ ಅವರವರದು. ಸಿಗೋದು ಮೂರು ಕಡೆ ಪ್ಲೈವುಡ್ ಮರೆ ಇರುವ ಒಂದು ಮೇಜು, ಕುರ್ಚಿ, ದೀಪ, ಚಾರ್ಜಿಂಗ್ ಪಾಯಿಂಟು, ವೈಫೈ, ಮತ್ತು ಮೌನ. ಮೇಜು ಎರಡೂವರೆ ಅಡಿ ಅಗಲ, ಎರಡು ಅಡಿ ಆಳ. ಅದಕ್ಕಿಂತ ಸಣ್ಣದಾದರೆ ತೆರೆದ ಪುಸ್ತಕ ಮತ್ತು ನೋಟ್‌ಬುಕ್ ಒಟ್ಟಿಗೆ ಹಿಡಿಯೋದಿಲ್ಲ, ಹುಡುಗರು ಒಂದು ತಿಂಗಳಿಗೇ ಬೇರೆ ಕಡೆ ಹೋಗುತ್ತಾರೆ. ಕುರ್ಚಿಗೆ ಎರಡೂವರೆ ಅಡಿ, ಓಡಾಟದ ದಾರಿಯ ಪಾಲು ಒಂದೂವರೆ ಅಡಿ ಸೇರಿಸಿದರೆ ಸೀಟಿಗೆ ಹದಿನೈದು ಚದರಡಿ. 80 ಸೀಟಿಗೆ 1,200. ಶೌಚಾಲಯ, ಚಪ್ಪಲಿ ಇಡುವ ಜಾಗ, ಕೌಂಟರ್ ಸೇರಿ ಒಂದೂವರೆ ಸಾವಿರ ಚದರಡಿ ಬೇಕು.

ಸೀಟಿಗೆ ತಿಂಗಳಿಗೆ 700 ರೂಪಾಯಿ ಎಂದು ಹಿಡಿಯೋಣ. ಪೂರ್ತಿ ತುಂಬಿದರೆ 56,000. ಖರ್ಚಿನಲ್ಲಿ ಬಾಡಿಗೆ 20,000, ಕರೆಂಟು 7,000, ಕಸ ಹೊಡೆಯುವವರ ಸಂಬಳ, ಕುಡಿಯುವ ನೀರು, ಇಂಟರ್‌ನೆಟ್ ಸೇರಿ 8,000 ಅಂದರೆ ಒಟ್ಟು 35,000. ಅಲ್ಲಿಗೆ 50 ಸೀಟು ತುಂಬಿದರೆ ಕೈಗೆ ಕೈ ಸರಿ. ಸಾಲದ ಕಂತು ಇದರಲ್ಲಿ ಬಂದಿಲ್ಲ. ನೇಮಕಾತಿ ನಿಂತ ತಿಂಗಳಲ್ಲಿ ಅರ್ಧ ಖಾಲಿಯಾದರೆ 28,000 ಮಾತ್ರ, ಅಂದರೆ ಕೈಯಿಂದ 7,000 ಹಾಕಬೇಕು. ಹೀಗಾಗಿ ಆರು ತಿಂಗಳ ಖರ್ಚನ್ನು ಬದಿಗಿಟ್ಟುಕೊಂಡೇ ಶುರು ಮಾಡಬೇಕು. ಒಂದೇ ಸೀಟನ್ನು ಬೆಳಗಿನ ಪಾಳಿಗೆ ಒಬ್ಬರಿಗೆ, ಸಂಜೆಗೆ ಇನ್ನೊಬ್ಬರಿಗೆ ಕೊಟ್ಟರೆ ಆದಾಯ ಹೆಚ್ಚುತ್ತದೆ ನಿಜ. ಆದರೆ ಪ್ರತಿ ಸೀಟಿಗೆ ಕೀಲಿ ಇರುವ ಎರಡು ಖಾನೆ ಮಾಡಿಸದಿದ್ದರೆ ಬಿಟ್ಟುಹೋದ ಪುಸ್ತಕದ ಜಗಳ ದಿನಾ ನಿಮ್ಮ ಕೌಂಟರಿಗೇ ಬರುತ್ತದೆ.

ಹೆಚ್ಚು ತಪ್ಪಾಗೋದು ಕರೆಂಟಿನಲ್ಲಿ. 20 ವ್ಯಾಟಿನ ಎಲ್‌ಇಡಿ ಪಟ್ಟಿ ದೀಪ 20, ಅಂದರೆ 400 ವ್ಯಾಟ್. ಹಳೆಯ ಮಾದರಿಯ 75 ವ್ಯಾಟಿನ ಫ್ಯಾನು 14, ಅಂದರೆ 1,050. ಒಟ್ಟು 1,450. ಫ್ಯಾನು ಕಡಿಮೆ ಕರೆಂಟು ತಿನ್ನುವ ಹೊಸ ಬಿಎಲ್‌ಡಿಸಿ ಮಾದರಿಯದಾದರೆ ತಲಾ 30 ವ್ಯಾಟಿನಂತೆ 420, ಒಟ್ಟು 820. 150 ಆಂಪಿಯರ್ ಅವರ್‌ನ ನಾಲ್ಕು ಬ್ಯಾಟರಿ ಇಟ್ಟರೆ, ಬ್ಯಾಟರಿಯನ್ನು ಪೂರ್ತಿ ಹಿಂಡದೆ, ಇನ್ವರ್ಟರಿನ ನಷ್ಟವನ್ನೂ ಕಳೆದು, ಹತ್ತಿರ ಹತ್ತಿರ 4,300 ವ್ಯಾಟ್ ಅವರ್ ಸಿಗುತ್ತದೆ. ಹಳೆಯ ಫ್ಯಾನಿಗೆ ಮೂರು ತಾಸು, ಬಿಎಲ್‌ಡಿಸಿಗೆ ಐದು ತಾಸು. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಮರೆಯೋದು ಚಾರ್ಜಿಂಗ್ ಪಾಯಿಂಟು. ಕರೆಂಟು ಹೋದ ಕೂಡಲೇ 80 ಜನರೂ ಮೊಬೈಲು ಸಿಕ್ಕಿಸುತ್ತಾರೆ. ತಲಾ 15 ವ್ಯಾಟ್ ಹಿಡಿದರೂ 1,200. ಐದು ತಾಸು ಬರಬೇಕಾದ ಬ್ಯಾಟರಿ ಎರಡೇ ತಾಸಿಗೆ ಮಲಗುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಕತ್ತಲು. ಚಾರ್ಜಿಂಗ್ ಲೈನನ್ನು ಇನ್ವರ್ಟರಿಗೆ ಸೇರಿಸದೆ ನೇರ ಮೇನ್ ಲೈನಿಗೆ ಹಾಕಿಸಿ, 20 ಪಾಯಿಂಟಿಗೊಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಕೊಡಿಸಿ. ವೈರಿಂಗ್ ಮುಗಿದ ಮೇಲೆ ಇದನ್ನು ಬದಲಿಸಲು ಪ್ಲೈವುಡ್ಡನ್ನೆಲ್ಲ ಬಿಚ್ಚಬೇಕಾಗುತ್ತದೆ. ಇನ್ನೊಂದು ಮಾತು: 80 ಸೀಟಿಗೆ ಎರಡೇ ಶೌಚಾಲಯ ಕಟ್ಟುವವರು ಬಹಳ. ನಾಲ್ಕಾದರೂ ಬೇಕು, ಹೆಣ್ಣುಮಕ್ಕಳದು ಬೇರೆಯ ಬಾಗಿಲಿನಿಂದಲೇ ಇರಬೇಕು. ಹುಡುಗಿಯರ ಸೀಟು ಖಾಲಿ ಉಳಿಯಲು ಫೀ ಕಾರಣವಲ್ಲ, ಬಹುಪಾಲು ಇದೇ ಕಾರಣ.

ಈಗ ಊಟ. ಖಾನಾವಳಿಯಲ್ಲಿ ತಿಂಗಳಿಗೆ 60 ಊಟದ ಕೂಪನ್ನು ಅಂತ ಲೆಕ್ಕ, ದಿನಕ್ಕೆ ಎರಡು. ಎರಡು ರೊಟ್ಟಿ ಇಲ್ಲವೇ ಚಪಾತಿ, ಒಂದು ಕಾಳುಪಲ್ಯ, ಒಂದು ತರಕಾರಿ ಪಲ್ಯ, ಶೇಂಗಾ ಚಟ್ನಿಪುಡಿ ಇಲ್ಲವೇ ಗುರೆಳ್ಳು ಪುಡಿ, ಅನ್ನ, ಸಾರು, ಮಜ್ಜಿಗೆ. ನೂರೈವತ್ತು ಜನ ಉಣ್ಣುವ ಖಾನಾವಳಿಗೆ ದಿನಕ್ಕೆ 600 ರೊಟ್ಟಿ ಬೇಕು. ಕಿಲೋ ಹಿಟ್ಟಿಗೆ ಹದಿನಾರು ರೊಟ್ಟಿ ಹಿಡಿದರೆ ದಿನಕ್ಕೆ 37 ಕಿಲೋಗೂ ಮೇಲೆ ಹಿಟ್ಟು. ಇಷ್ಟನ್ನು ಒಂದೇ ಅಡುಗೆಮನೆಯಲ್ಲಿ ಬಡಿಯೋದಾಗದು, ಹೀಗಾಗಿ ಸುತ್ತಲಿನ ಮನೆಗಳಲ್ಲಿ ಅಕ್ಕಂದಿರು ಬಡಿದು ಎಣಿಸಿ ಕೊಡುತ್ತಾರೆ, ರೊಟ್ಟಿಗಿಷ್ಟು ಅಂತ ದುಡ್ಡು. ಧಾರವಾಡದ ಕೋಚಿಂಗ್ ಲೋಕದಿಂದ ನೇರವಾಗಿ ಹೆಣ್ಣುಮಕ್ಕಳ ಕೈಗೆ ಹೋಗುವ ದುಡ್ಡು ಇದು. ಇದರ ಬಗ್ಗೆ ಮಾತಾಡುವವರು ಕಡಿಮೆ.

ರೊಟ್ಟಿ ಕೆಡಲು ಕಾರಣ ಕೈಯಲ್ಲ, ಹೆಚ್ಚಾಗಿ ಹಿಟ್ಟು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಹಿಡಿಯುವ ಅಂಟಿಲ್ಲ. ಕುದಿಯುವ ಎಸರು ಹೊಯ್ದಾಗ ಮಾತ್ರ ಜಿಗಿ ಬರುತ್ತದೆ. ಹಿಟ್ಟು ಬೀಸಿ ವಾರ ಕಳೆದರೆ ಆ ಜಿಗಿಯೂ ಇಳಿಯುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ, ಹಂಚಿನ ಮೇಲೆ ಉಬ್ಬೋದಿಲ್ಲ. ಅಗ್ಗವಾಯಿತೆಂದು ತಿಂಗಳ ಹಿಟ್ಟನ್ನು ಒಮ್ಮೆಲೇ ಬೀಸಿಸಿಡುವ ಖಾನಾವಳಿಯಲ್ಲಿ ರೊಟ್ಟಿ ಒಡೆದೇ ಬರುತ್ತದೆ. ಜೋಳವನ್ನು ಚೀಲಗಟ್ಟಲೆ ಕೊಳ್ಳಿ, ಆದರೆ ಎರಡು ಮೂರು ದಿನಕ್ಕಾಗುವಷ್ಟನ್ನು ಮಾತ್ರ ಗಿರಣಿಗೆ ಕಳಿಸಿ. ಹಿಂಗಾರಿ ಜೋಳ ಬರುವ ಹೊತ್ತಿಗೆ ಆರು ತಿಂಗಳ ಕಾಳು ತುಂಬಿಕೊಂಡವರಿಗೆ ಮಳೆಗಾಲದ ದರ ಏರಿಕೆ ತಟ್ಟೋದಿಲ್ಲ.

ಉದ್ರಿ ಇಲ್ಲದೆ ಖಾನಾವಳಿ ನಡೆಯೋದಿಲ್ಲ. ಹುಡುಗರ ಮನೆಯವರು ಹೆಚ್ಚಿನವರು ರೈತರು. ಹತ್ತಿ, ಮೆಣಸಿನಕಾಯಿ, ಕಡಲೆ ಮಾರಿದ ಮೇಲೆ ಕೈಗೆ ದುಡ್ಡು. ಹೀಗಾಗಿ ಶ್ರಾವಣದಿಂದ ದೀಪಾವಳಿವರೆಗೆ ಉದ್ರಿ ಬೆಳೆಯುತ್ತದೆ, ಸುಗ್ಗಿಯಲ್ಲಿ ತೀರುತ್ತದೆ. ಮಳೆ ಕೈಕೊಟ್ಟ ವರ್ಷ ರಾಯಚೂರಿನ ಹೊಲದ ನಷ್ಟವನ್ನು ಸಪ್ತಾಪುರದ ಖಾನಾವಳಿಯೂ ಹೊರುತ್ತದೆ. ಎರಡು ತಿಂಗಳಿಗಿಂತ ಹೆಚ್ಚು ಉದ್ರಿ ಕೊಡದ ಮಾಲೀಕರನ್ನು ಕಠಿಣ ಅನ್ನೋದು ಸರಿಯಲ್ಲ. ಮೂರನೇ ತಿಂಗಳಿಗೆ ಹುಡುಗನೇ ನಾಚಿ ಆ ಬೀದಿ ತಪ್ಪಿಸಿ ಓಡಾಡುತ್ತಾನೆ, ಅವನ ಊಟವೂ ಹೋಯಿತು, ಇವರ ದುಡ್ಡೂ ಹೋಯಿತು.

ಖೋಲಿ ಕಟ್ಟಿಸುವವರಿಗೆ ನೀರಿನ ಲೆಕ್ಕ ಇಟ್ಟಿಗೆಯ ಲೆಕ್ಕಕ್ಕಿಂತ ದೊಡ್ಡದು. ಮಲಪ್ರಭೆಯಿಂದ ಬರುವ ನೀರು ಅನೇಕ ಬಡಾವಣೆಗಳಿಗೆ ಐದಾರು ದಿನಕ್ಕೊಮ್ಮೆ. ಮೂವತ್ತು ಜನ ಇರುವ ಮನೆಗೆ ತಲಾ 100 ಲೀಟರ್, ಆರು ದಿನ ಅಂದರೆ 18,000 ಲೀಟರ್. ನೆಲದೊಳಗಿನ ತೊಟ್ಟಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎಂಟು ಅಡಿ ಆಳ ಇದ್ದರೆ ಇಷ್ಟು ಹಿಡಿಯುತ್ತದೆ. ಒಂದು ಸಂಸಾರಕ್ಕೆಂದು ಕಟ್ಟಿದ ಹಳೆಯ ಮನೆಯನ್ನು ಕಾಟ್ ಲೆಕ್ಕದಲ್ಲಿ ಕೊಡುವವರು ಗೋಡೆ ಕಟ್ಟಿ ಖೋಲಿ ಹೆಚ್ಚಿಸುತ್ತಾರೆ, ತೊಟ್ಟಿ ಮಾತ್ರ ಅದೇ ಐದು ಸಾವಿರ ಲೀಟರಿನದು. ಎರಡನೇ ದಿನಕ್ಕೇ ಟ್ಯಾಂಕರ್. ಆ ಖರ್ಚು ಬಾಡಿಗೆಯ ಲಾಭವನ್ನು ತಿನ್ನುತ್ತದೆ, ಇಲ್ಲವೇ ಹುಡುಗರ ತಲೆಗೆ ಹಂಚಿಕೆಯಾಗುತ್ತದೆ. ಖೋಲಿ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ತೊಟ್ಟಿ ಎಷ್ಟು ಲೀಟರಿಂದು, ಟ್ಯಾಂಕರ್ ರೊಕ್ಕ ಯಾರದು’ ಅನ್ನೋದು. ಊರಿನ ಪೂರ್ವಕ್ಕೆ ಎರೆಮಣ್ಣು. ಅಲ್ಲಿ ಅಗ್ಗದ ನಿವೇಶನ ಹಿಡಿದು ಪಾಯದಲ್ಲಿ ಉಳಿಸಿದವರ ಗೋಡೆಗಳು ಬೇಸಿಗೆಗೆ ಬಿರುಕು ಬಿಡುತ್ತವೆ, ಮಳೆಗಾಲಕ್ಕೆ ಬಾಗಿಲು ಹಿಡಿಯುತ್ತವೆ. ಎರೆಮಣ್ಣು ಒಣಗಿದಾಗ ಕುಗ್ಗುತ್ತದೆ, ತೊಯ್ದಾಗ ಹಿಗ್ಗುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಮೊರಂ ತುಂಬಿ ಕುಟ್ಟಿಸಲೇಬೇಕು.

ಬೆಳಗಿನ ಜಾವ ಊರಿನ ಇನ್ನೊಂದು ಮುಖ ಕಾಣಬೇಕೆಂದರೆ ಮೈದಾನಕ್ಕೆ ಹೋಗಬೇಕು. ಪೊಲೀಸ್ ಹುದ್ದೆಗೆ ಓದುವವರು ಕತ್ತಲಿರುವಾಗಲೇ ಓಡುತ್ತಿರುತ್ತಾರೆ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು. ಸೋಲುವವರಲ್ಲಿ ಬಹಳಷ್ಟು ಮಂದಿ ದಮ್ಮಿಲ್ಲದೆ ಸೋಲೋದಿಲ್ಲ. ಮೊದಲ ಸುತ್ತನ್ನು 80 ಸೆಕೆಂಡಿಗೆ ಓಡಿ ಮೂರನೆಯದರಲ್ಲಿ ಕಾಲು ಕಟ್ಟಿ ನಿಲ್ಲುತ್ತಾರೆ. ಸುತ್ತು ಸುತ್ತಿಗೂ ಗಡಿಯಾರ ನೋಡಿ 95ರ ಆಸುಪಾಸಿನಲ್ಲೇ ಓಡುವ ಅಭ್ಯಾಸ ಮಾಡಿದವರು ಸಲೀಸಾಗಿ ಪಾರಾಗುತ್ತಾರೆ. ಈ ಓಟದ ಸುತ್ತಲೂ ಒಂದು ಪುಟ್ಟ ಪೇಟೆ ಇದೆ: ಬೇಯಿಸಿದ ಮೊಟ್ಟೆ, ಮೊಳಕೆಕಾಳು, ಅಂಬಲಿ, ಚಾ. ಎಂಟು ಗಂಟೆಗೆಲ್ಲ ಮುಗಿಯಿತು. ಆಮೇಲೆ ಅವರೆಲ್ಲ ಲೈಬ್ರರಿಯಲ್ಲಿ.

ಕೋಚಿಂಗ್ ಕ್ಲಾಸಿನ ಬಗ್ಗೆ ಖಡಾಖಂಡಿತ ಅಭಿಪ್ರಾಯ ಇಟ್ಟುಕೊಳ್ಳೋದು ಸುಲಭ. ಆದರೆ ಒಳ್ಳೆಯ ಮಾಸ್ತರರು ಇಲ್ಲಿ ನಿಜಕ್ಕೂ ಇದ್ದಾರೆ, ಹಳ್ಳಿಯ ಕಾಲೇಜಿನಲ್ಲಿ ಗಣಿತ ಬಿಟ್ಟುಬಂದ ಹುಡುಗನಿಗೆ ಶೇಕಡಾವಾರು, ಅನುಪಾತವನ್ನು ಒಂದೂವರೆ ತಿಂಗಳಲ್ಲಿ ಕೈವಶ ಮಾಡಿಸುತ್ತಾರೆ. ತೊಂದರೆ ಇರೋದು ದುಡ್ಡಿನ ವ್ಯವಸ್ಥೆಯಲ್ಲಿ. ಫೀ ಮೊದಲೇ ಪೂರ್ತಿ ಕಟ್ಟಬೇಕು, ನಾಲ್ಕೈದು ತಿಂಗಳಿಗೆ ಬ್ಯಾಚು ಮುಗಿಯುತ್ತದೆ, ಪರೀಕ್ಷೆ ಬರೋದು ಒಂದು ವರ್ಷದ ಮೇಲೆ. ಅಷ್ಟರಲ್ಲಿ ಪ್ರಚಲಿತ ವಿದ್ಯಮಾನದ ನೋಟ್ಸೆಲ್ಲ ಹಳತು. ಸೇರುವ ಮುಂಚೆ ಇಷ್ಟನ್ನು ಬರಹದಲ್ಲಿ ಕೇಳಿ: ಪರೀಕ್ಷೆ ಮುಂದೂಡಿದರೆ ಮುಂದಿನ ಬ್ಯಾಚಿನಲ್ಲಿ ಕೂರಲು ಬಿಡುತ್ತೀರಾ, ಟೆಸ್ಟ್ ಸೀರೀಸ್ ಇದರಲ್ಲೇ ಬಂತೋ ಬೇರೆ ದುಡ್ಡೋ, ನಡುವೆ ಬಿಟ್ಟರೆ ಎಷ್ಟು ವಾಪಸ್ಸು. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಸರ್ಕಲ್ಲುಗಳಲ್ಲಿ ಆಯ್ಕೆಯಾದವರ ಫೋಟೊ ಇರುವ ಫ್ಲೆಕ್ಸ್ ಕಾಣುತ್ತೀರಿ. ಅದೇ ಮುಖ ಎರಡು ಮೂರು ಕ್ಲಾಸಿನ ಫ್ಲೆಕ್ಸಿನಲ್ಲಿ ಇದ್ದರೆ ಎಲ್ಲವೂ ಸುಳ್ಳೇ ಆಗಿರಬೇಕೆಂದಿಲ್ಲ. ಒಬ್ಬನೇ ಹುಡುಗ ಒಂದು ಕಡೆ ಪೂರ್ತಿ ಕೋರ್ಸು, ಇನ್ನೊಂದು ಕಡೆ ಟೆಸ್ಟ್ ಸೀರೀಸು, ಮತ್ತೊಂದು ಕಡೆ ಪುಕ್ಕಟೆ ಅಣಕು ಸಂದರ್ಶನಕ್ಕೆ ಹೋಗಿರಬಹುದು. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೀಗೆ ಫೋಟೊ ಹಾಕಲು ಆಯ್ಕೆಯಾದ ಮೇಲೆ ಆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಬೇಕು, ಆತ ಓದಿದ ಕೋರ್ಸು ಯಾವುದು, ದುಡ್ಡು ಕೊಟ್ಟು ಓದಿದ್ದೋ ಅಲ್ಲವೋ ಎಂಬುದನ್ನೂ ತಿಳಿಸಬೇಕು. ಫ್ಲೆಕ್ಸಿನಲ್ಲಿ ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ, ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಹೊಸದಾಗಿ ಬರುವವರು ಕಾಲ್‌ಫಾರ್ ಆದ ವಾರ ಬರಬೇಡಿ. ಆಗ ಎಲ್ಲದಕ್ಕೂ ಏರಿದ ದರ, ಒಳ್ಳೆಯ ಖೋಲಿ ಮೊದಲೇ ಹೋಗಿರುತ್ತದೆ. ಪರೀಕ್ಷೆಯೊಂದು ಮುಗಿದ ಮರುವಾರ ಬನ್ನಿ. ಖೋಲಿ ಖಾಲಿ ಇರುತ್ತವೆ, ಡಿಪಾಸಿಟ್ಟಿನ ಬಗ್ಗೆ ಚೌಕಾಸಿ ನಡೆಯುತ್ತದೆ, ಊರಿಗೆ ಹೊರಟವರು ಮೇಜು, ಕಾಟು, ಪುಸ್ತಕ ಅರ್ಧ ದರಕ್ಕೆ ಬಿಟ್ಟುಹೋಗುತ್ತಾರೆ. ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿ. ಇತಿಹಾಸ, ವ್ಯಾಕರಣ ಹಳತಾದರೂ ನಡೆಯುತ್ತದೆ, ಸಂವಿಧಾನಕ್ಕೆ ಹೊಸ ಮುದ್ರಣವೇ ಬೇಕು, ಬಜೆಟ್ಟು ಮತ್ತು ಯೋಜನೆಗಳ ಪುಸ್ತಕ ಕಳೆದ ವರ್ಷದ್ದಾದರೆ ಪುಕ್ಕಟೆ ಕೊಟ್ಟರೂ ಬೇಡ.